ಬೆಂಕಿಯೂ ಕಾಣಬೇಕು, ಮುಖವೂ ಕಾಣಬೇಕು: ಡಿಜಿಟಲ್ ಕ್ಯಾಮರಾದಲ್ಲಿ ಬೆಳಕಿನ ಲೆಕ್ಕ

ಕಾಸರಗೋಡು: ಒತ್ತೆಕೋಲದ ಬೆಳಗಿನ ಜಾವ. ರಾತ್ರಿಯಿಡೀ ಉರಿದ ಸೌದೆಯ ರಾಶಿ ಕೆಂಡದ ಗುಡ್ಡೆಯಾಗಿದೆ. ಎಳೆ ತೆಂಗಿನ ಗರಿಯ ಉಡುಗೆ ತೊಟ್ಟ ವಿಷ್ಣುಮೂರ್ತಿ ದೈವ ಓಡಿ ಬಂದು ಅದರ ಮೇಲೆ ಬೀಳುತ್ತದೆ. ಜತೆಯಲ್ಲಿದ್ದವರು ಹಿಡಿದೆಳೆಯುತ್ತಾರೆ. ಮತ್ತೆ ಬೀಳುತ್ತದೆ. ಸುತ್ತ ನೆರೆದವರ ಕೈಯಲ್ಲಿ ಲೆಕ್ಕವಿಲ್ಲದಷ್ಟು ಮೊಬೈಲುಗಳು, ನಡುವೆ ದೊಡ್ಡ ಲೆನ್ಸಿನ ಕೆಲವು ಕ್ಯಾಮರಾಗಳು.

ಮನೆಗೆ ಹೋಗಿ ನೋಡಿದರೆ ಹೆಚ್ಚಿನವರಿಗೆ ಸಿಗುವುದು ಎರಡೇ ಬಗೆಯ ಚಿತ್ರ. ಒಂದರಲ್ಲಿ ಕೆಂಡ ಇರಬೇಕಾದ ಜಾಗದಲ್ಲಿ ಬಿಳಿ ತೂತು. ಕೆಂಪೂ ಇಲ್ಲ, ಕಿತ್ತಳೆಯೂ ಇಲ್ಲ. ಇನ್ನೊಂದರಲ್ಲಿ ಕೆಂಡ ಚೆನ್ನಾಗಿದೆ, ಆದರೆ ಅದರ ಮುಂದೆ ನಿಂತ ದೈವ ಬರೀ ಕಪ್ಪು ಮುದ್ದೆ. ಗಂಟೆಗಟ್ಟಲೆ ಕೂತು ಬರೆದ ಮುಖದ ಬಣ್ಣಗಾರಿಕೆಯ ಒಂದು ಗೆರೆಯೂ ಕಾಣದು. "ಕ್ಯಾಮರಾ ಒಳ್ಳೆಯದಲ್ಲ, ಹೊಸತು ತೆಗೆದುಕೊಳ್ಳಬೇಕು" ಎಂಬ ಮಾತು ಆಗ ಬರುತ್ತದೆ. ಹೊಸತು ತೆಗೆದುಕೊಂಡರೂ ಮುಂದಿನ ವರ್ಷ ಅದೇ ಬಿಳಿ ತೂತು.

ತಪ್ಪು ಕ್ಯಾಮರಾದ ಬೆಲೆಯಲ್ಲಿಲ್ಲ, ಬೆಳಕಿನ ಅಳತೆಯಲ್ಲಿದೆ. ಇದಕ್ಕೆ ಛಾಯಾಗ್ರಾಹಕರು ಹೇಳುವ ಶಬ್ದ ಎಕ್ಸ್‌ಪೋಷರ್. ಕೆಲವು ಮುಚ್ಚಿಲೋಟುಗಳಲ್ಲಿ ಪೆರುಂಕಳಿಯಾಟ ನಡೆಯುವುದು ಹನ್ನೆರಡು ವರ್ಷಕ್ಕೊಮ್ಮೆ, ಕೆಲವೆಡೆ ಅದಕ್ಕಿಂತಲೂ ಎಷ್ಟೋ ಹೆಚ್ಚಿನ ಅಂತರದಲ್ಲಿ. ಅಲ್ಲಿ ತಪ್ಪಿದ ಚಿತ್ರವನ್ನು ನಾಳೆ ಹೋಗಿ ತೆಗೆಯುವಂತಿಲ್ಲ. ಆದ್ದರಿಂದ ಈ ಲೆಕ್ಕವನ್ನು ಮೊದಲೇ ಕಲಿತಿರುವುದು ಒಳ್ಳೆಯದು.

ದಂಬೆಯ ನೀರು, ಕೊಡಪಾನದ ಅಳತೆ

ಮಳೆಗಾಲದಲ್ಲಿ ಹಂಚಿನ ಮಾಡಿನಿಂದ ಇಳಿಯುವ ನೀರಿಗೆ ದಂಬೆ ಕಟ್ಟಿ, ಅದರ ಬಾಯಿಗೆ ಕೊಡಪಾನ ಇಡುವುದನ್ನು ನೆನಪಿಸಿಕೊಳ್ಳಿ. ಕೊಡಪಾನ ಎಷ್ಟು ತುಂಬಿತು ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಮಳೆ ಎಷ್ಟು ಜೋರು, ದಂಬೆಯ ಬಾಯಿ ಎಷ್ಟು ಅಗಲ, ಕೊಡಪಾನವನ್ನು ಎಷ್ಟು ಹೊತ್ತು ಇಟ್ಟಿರಿ.

ಡಿಜಿಟಲ್ ಕ್ಯಾಮರಾದೊಳಗಿನ ಸೆನ್ಸರ್ ಎಂದರೆ ಇಂತಹ ಕೋಟಿಗಟ್ಟಲೆ ಪುಟ್ಟ ಕೊಡಪಾನಗಳನ್ನು ಸಾಲಾಗಿ ಜೋಡಿಸಿಟ್ಟ ಅಂಗಳ. ಮಳೆಯ ಬದಲು ಬೆಳಕು. ದಂಬೆಯ ಬಾಯಿಗೆ ಅಪರ್ಚರ್ ಎಂದು ಹೆಸರು. ಇಟ್ಟ ಹೊತ್ತಿಗೆ ಶಟರ್ ವೇಗ ಎಂದು ಹೆಸರು. ಕೊಡಪಾನದಲ್ಲಿ ನೀರೇ ಬೀಳದಿದ್ದರೆ ಆ ಜಾಗ ಚಿತ್ರದಲ್ಲಿ ಕಪ್ಪು. ತುಂಬಿ ಹೊರಚೆಲ್ಲಿದರೆ ಬಿಳಿ. ತುಂಬಿದ ಕೊಡಪಾನದ ಮೇಲೆ ಆಮೇಲೆ ಎಷ್ಟು ನೀರು ಸುರಿಯಿತೆಂದು ಯಾರು ಹೇಳಬಲ್ಲರು? ಅದಕ್ಕೇ ಕೆಂಡದ ಗುಡ್ಡೆ ಬಿಳಿ ತೂತಾಗುವುದು. ಅಲ್ಲಿನ ಕೊಡಪಾನಗಳೆಲ್ಲ ಒಟ್ಟಿಗೆ ತುಂಬಿ ಹರಿದಿವೆ. ಕೆಂಡಕ್ಕೂ ಜ್ವಾಲೆಗೂ ಇದ್ದ ವ್ಯತ್ಯಾಸ ಚೆಲ್ಲಿ ಹೋಗಿದೆ.

ಅಪರ್ಚರ್‌ನ ಅಂಕೆಗಳು ಹೊಸಬರನ್ನು ಗೊಂದಲಕ್ಕೆ ಬೀಳಿಸುತ್ತವೆ. ಎಫ್ 2.8, 4, 5.6, 8, 11, 16 ಎಂದು ಅಂಕೆ ಏರಿದಂತೆ ಬಾಯಿ ಕಿರಿದಾಗುತ್ತದೆ. ಕಾರಣ ಸರಳ. ಲೆನ್ಸಿನ ನಾಭಿದೂರವನ್ನು ಬಾಯಿಯ ಅಗಲದಿಂದ ಭಾಗಿಸಿದಾಗ ಸಿಗುವ ಅಂಕೆ ಇದು. 50 ಮಿಲಿಮೀಟರ್ ಲೆನ್ಸಿನ ಬಾಯಿ 25 ಮಿಲಿಮೀಟರ್ ತೆರೆದಿದ್ದರೆ ಎಫ್ 2. ಅದೇ ಲೆನ್ಸಿನ ಬಾಯಿ 6 ಮಿಲಿಮೀಟರಿನಷ್ಟು ಮಾತ್ರ ತೆರೆದಿದ್ದರೆ ಸುಮಾರು ಎಫ್ 8. ಸಾಲಿನಲ್ಲಿ ಒಂದು ಅಂಕೆಯಿಂದ ಮುಂದಿನದಕ್ಕೆ ಹೋದರೆ ಬೆಳಕು ಸರಿಯಾಗಿ ಅರ್ಧವಾಗುತ್ತದೆ. ಈ ಅರ್ಧ ಅಥವಾ ಇಮ್ಮಡಿಯ ಹೆಜ್ಜೆಗೆ 'ಸ್ಟಾಪ್' ಎನ್ನುತ್ತಾರೆ. ಶಟರ್‌ನಲ್ಲೂ ಹಾಗೆಯೇ. ಸೆಕೆಂಡಿನ 125ರಲ್ಲಿ ಒಂದು ಭಾಗದಿಂದ 250ರಲ್ಲಿ ಒಂದು ಭಾಗಕ್ಕೆ ಹೋದರೆ ಒಂದು ಸ್ಟಾಪ್ ಕಡಿಮೆ. ಹೀಗಾಗಿ ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಕೂಡಿಸಬಹುದು.

ಐಎಸ್‌ಒ ಎಂಬ ಮೂರನೆಯ ಅಂಕೆಯ ವಿಷಯ ಸ್ವಲ್ಪ ಬೇರೆ. ಅದನ್ನು ಏರಿಸಿದರೆ ಸೆನ್ಸರ್‌ಗೆ ಹೆಚ್ಚು ಬೆಳಕು ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಬೀಳುವುದಿಲ್ಲ. ಕೊಡಪಾನದಲ್ಲಿ ಬಿದ್ದ ಸ್ವಲ್ಪ ನೀರನ್ನೇ ಭೂತಗನ್ನಡಿ ಹಿಡಿದು ನೋಡಿದಂತೆ ಅದು. ನೀರಿನೊಂದಿಗೆ ತೇಲುವ ಕಸವೂ ದೊಡ್ಡದಾಗಿ ಕಾಣುತ್ತದೆ. ಆ ಕಸವೇ ಚಿತ್ರದಲ್ಲಿ ಕಾಣುವ ಮರಳು ಮರಳಾದ ಚುಕ್ಕೆ. ಹಾಗೆಂದು ಐಎಸ್‌ಒಗೆ ಹೆದರುವುದು ದೊಡ್ಡ ತಪ್ಪು. ಚುಕ್ಕೆ ಇರುವ ಚಿತ್ರವನ್ನು ಮನೆಯವರು ನೋಡಿ ಸಂತೋಷಪಡುತ್ತಾರೆ. ಅಲುಗಾಡಿ ಕಲಸಿಹೋದ ಚಿತ್ರವನ್ನು ಯಾರೂ ನೋಡುವುದಿಲ್ಲ.

ಹಳೆಯ ಸ್ಟುಡಿಯೋದವರ ಬಾಯಲ್ಲಿ ಒಂದು ಸೂತ್ರವಿತ್ತು. ನಿಚ್ಚಳ ಬಿಸಿಲಿನಲ್ಲಿ ಎಫ್ 16 ಇಟ್ಟು, ಫಿಲ್ಮಿನ ವೇಗ 100 ಆಗಿದ್ದರೆ ಶಟರ್ ಕೂಡ ಸುಮಾರು ನೂರರಲ್ಲೊಂದು ಭಾಗಕ್ಕೆ ಇಡಬೇಕು. ಡಿಜಿಟಲ್‌ಗೂ ಇದು ಹಾಗೆಯೇ ಸಲ್ಲುತ್ತದೆ. ಐಎಸ್‌ಒ 100ರಲ್ಲಿ ಎಫ್ 16, 125ರಲ್ಲೊಂದು, ಇಲ್ಲವೇ ಎಫ್ 8, 500ರಲ್ಲೊಂದು, ಎರಡೂ ಒಂದೇ. ತೆಳು ಮೋಡ ಬಂದರೆ ಒಂದು ಸ್ಟಾಪ್ ಹೆಚ್ಚು ಬೆಳಕು ಬೇಕು, ದಟ್ಟ ಮೋಡವಾದರೆ ಮೂರು. ಈ ಸೂತ್ರ ಗೊತ್ತಿದ್ದವರಿಗೆ ಕ್ಯಾಮರಾದ ಮೀಟರು ಸುಳ್ಳು ಹೇಳಿದಾಗ ಗೊತ್ತಾಗುತ್ತದೆ. ಮೀಟರು ಸುಳ್ಳು ಹೇಳುತ್ತದೆಯೇ? ಹೌದು, ದಿನವೂ ಹೇಳುತ್ತದೆ.

ಲೋಕವೆಲ್ಲ ಬೂದಿ ಬಣ್ಣ ಎಂಬ ನಂಬಿಕೆ

ಕ್ಯಾಮರಾದೊಳಗಿನ ಮೀಟರಿಗೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ಅಲ್ಲಿಂದ ತಿರುಗಿ ಬರುವ ಬೆಳಕು ಎಷ್ಟೆಂದು ಮಾತ್ರ ಗೊತ್ತು. ಹಾಗಾಗಿ ಅದನ್ನು ಮಾಡಿದವರು ಅದಕ್ಕೊಂದು ನಂಬಿಕೆ ಕಲಿಸಿಟ್ಟಿದ್ದಾರೆ: ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದು. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಕ್ಕೆ ಕಳಿಸುವ ಬೂದು ಎಂದು ಇದನ್ನು ಹೇಳುವುದು ರೂಢಿ. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ 'ಝೋನ್' ಪದ್ಧತಿಯಲ್ಲೂ ಈ ನಡುಬೂದು ಲೆಕ್ಕದ ಮಧ್ಯಬಿಂದು.

ಹುಲ್ಲುಗಾವಲು, ಹಳೆಯ ಮುರಕಲ್ಲಿನ ಗೋಡೆ, ಮಾಸಿದ ಡಾಂಬರು ರಸ್ತೆ ಇವೆಲ್ಲ ಹೆಚ್ಚುಕಡಿಮೆ ಈ ನಡುಮಟ್ಟದವೇ. ಬೇಕಲ ಕೋಟೆಯ ಗೋಡೆಯೆದುರು ತೆಗೆದ ಚಿತ್ರಗಳು ಯಾರು ತೆಗೆದರೂ ಚೆನ್ನಾಗಿ ಬರುವುದಕ್ಕೆ ಇದೂ ಒಂದು ಕಾರಣ. ಅದೇ ಕೋಟೆಯಿಂದ ಇಳಿದು ಬಿಸಿಲಲ್ಲಿ ಹೊಳೆಯುವ ಮರಳಿನ ಮೇಲೆ ನಿಂತರೆ ಲೆಕ್ಕ ತಪ್ಪುತ್ತದೆ. ಮೀಟರು ಇಷ್ಟೊಂದು ಬೆಳಕು ಕಂಡು ಗಾಬರಿಯಾಗಿ ಬೆಳಕನ್ನು ಕಡಿಮೆ ಮಾಡುತ್ತದೆ. ಮರಳು ಬೂದಿಯಾಗುತ್ತದೆ, ನಿಂತವರ ಮುಖ ಕಪ್ಪಾಗುತ್ತದೆ.

ಇನ್ನೂ ಸರಳ ಉದಾಹರಣೆ ಬಿಳಿ ಮುಂಡು. ಒಗೆದು ಒಣಗಿಸಿದ ಬಿಳಿ ಬಟ್ಟೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. 18ರ ಇಮ್ಮಡಿ 36, ಅದರ ಇಮ್ಮಡಿ 72. ಅಂದರೆ ಮುಂಡು ಮೀಟರಿನ ನಂಬಿಕೆಗಿಂತ ಎರಡು ಸ್ಟಾಪಿಗೂ ಮೇಲಿದೆ. ಚಿತ್ರದ ತುಂಬ ಮುಂಡೇ ಇದ್ದರೆ ಕ್ಯಾಮರಾ ಅದನ್ನು ಎರಡು ಸ್ಟಾಪು ಕೆಳಗಿಳಿಸಿ ಕೊಳೆ ಬಟ್ಟೆಯಂತೆ ತೋರಿಸುತ್ತದೆ. ಕರಿ ಕೊಡೆ, ವಕೀಲರ ಕರಿ ಕೋಟು, ಕರಿ ಎಮ್ಮೆ ಇವುಗಳಿಗೆ ಇದರ ತದ್ವಿರುದ್ಧ. ಕ್ಯಾಮರಾ ಅವನ್ನು ಮೇಲಕ್ಕೆತ್ತಿ ಬೂದು ಮಾಡುತ್ತದೆ.

ಇದಕ್ಕೆ ಮದ್ದು ಎಲ್ಲ ಕ್ಯಾಮರಾಗಳಲ್ಲೂ ಇದೆ. ಕೂಡು ಮತ್ತು ಕಳೆ ಚಿಹ್ನೆಯಿರುವ ಒಂದು ಗುಂಡಿ. ಹೆಸರು ಎಕ್ಸ್‌ಪೋಷರ್ ಕಾಂಪೆನ್ಸೇಶನ್. ಬಳಸುವಾಗ ನೆನಪಿಡಬೇಕಾದದ್ದು ಮಾತ್ರ ಮನಸ್ಸಿಗೆ ತಲೆಕೆಳಗಾಗಿ ಕಾಣುತ್ತದೆ. ಎದುರು ಬಿಳಿ ಹೆಚ್ಚಿದ್ದರೆ ಕೂಡಬೇಕು, ಕಪ್ಪು ಹೆಚ್ಚಿದ್ದರೆ ಕಳೆಯಬೇಕು. "ಬೆಳಕು ಜಾಸ್ತಿ ಇದೆಯಲ್ಲ, ಮತ್ತೇಕೆ ಕೂಡುವುದು?" ಎಂದು ಮೊದಲ ಸಲ ಎಲ್ಲರೂ ಕೇಳುತ್ತಾರೆ. ಕ್ಯಾಮರಾ ಆಗಲೇ ಕಳೆದುಬಿಟ್ಟಿದೆ, ಅದನ್ನು ಮರಳಿ ಕೊಡುವುದಕ್ಕೆ. ಬಿಳಿ ಸಮವಸ್ತ್ರದ ಮಕ್ಕಳ ಸಾಲಿಗೆ ಕೂಡು 1. ಕತ್ತಲ ಹಿನ್ನೆಲೆಯ ರಂಗಸ್ಥಳಕ್ಕೆ ಕಳೆ 1.

1983ರಲ್ಲಿ ಬಂದ ನಿಕಾನ್ ಎಫ್‌ಎ ಎಂಬ ಕ್ಯಾಮರಾ ಚಿತ್ರವನ್ನು ಐದು ಭಾಗ ಮಾಡಿ ಬೇರೆ ಬೇರೆಯಾಗಿ ಅಳೆದು ತೀರ್ಮಾನಿಸುವ ಉಪಾಯ ತಂದಿತು. ಈಗಿನ ಕ್ಯಾಮರಾಗಳು ಇದನ್ನು ಬಹಳ ಮುಂದೆ ಕೊಂಡೊಯ್ದಿವೆ. ಮುಖ ಎಲ್ಲಿದೆಯೆಂದು ಅವು ಹುಡುಕುತ್ತವೆ. ಆದರೆ ದೈವದ ಮುಖ? ಕೆಂಪು, ಕಪ್ಪು, ಬಿಳಿಯ ಗೆರೆಗಳ ನಡುವೆ, ಆಳೆತ್ತರದ ಮುಡಿಯ ಕೆಳಗೆ ಇರುವುದು ಮುಖವೆಂದು ಯಂತ್ರಕ್ಕೆ ಎಲ್ಲ ಸಲವೂ ಹೊಳೆಯುವುದಿಲ್ಲ. ಹೊಳೆಯದಿದ್ದಾಗ ಅದು ಮತ್ತೆ ಹಳೆಯ ಸರಾಸರಿ ನಂಬಿಕೆಗೇ ಇಳಿಯುತ್ತದೆ.

ಫಿಲ್ಮಿನ ಕೈ ಡಿಜಿಟಲ್‌ಗೆ ಆಗದು

ಫಿಲ್ಮಿನ ಕಾಲದಲ್ಲಿ ಪಳಗಿದವರೂ 2000ದ ನಂತರದ ವರ್ಷಗಳಲ್ಲಿ ಡಿಜಿಟಲ್ ಹಿಡಿದಾಗ ಎಡವಿದ್ದುಂಟು. ಅವರ ಕೈ ಕೆಟ್ಟದ್ದಲ್ಲ, ಕಲಿತದ್ದೇ ಬೇರೆ. ಬಣ್ಣದ ನೆಗೆಟಿವ್ ಫಿಲ್ಮಿಗೆ ಸ್ವಲ್ಪ ಹೆಚ್ಚು ಬೆಳಕು ಬಿದ್ದರೆ ಏನೂ ಆಗುತ್ತಿರಲಿಲ್ಲ. ಪ್ರಿಂಟು ಹಾಕುವ ಲ್ಯಾಬಿನವರು ಸರಿಮಾಡಿಬಿಡುತ್ತಿದ್ದರು. ಕಡಿಮೆ ಬಿದ್ದರೆ ಮಾತ್ರ ನೆರಳಿನ ಭಾಗ ಮಂಕಾಗುತ್ತಿತ್ತು. ಆದ್ದರಿಂದ "ಅನುಮಾನ ಬಂದರೆ ಒಂದು ಸ್ಟಾಪ್ ಹೆಚ್ಚೇ ಇರಲಿ" ಎಂಬುದು ಆ ಕಾಲದ ಬುದ್ಧಿ.

ಡಿಜಿಟಲ್‌ನಲ್ಲಿ ಅದು ಉಲ್ಟಾ. ಕತ್ತಲಾದ ಭಾಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದಿಷ್ಟು ಎತ್ತಬಹುದು, ಚುಕ್ಕೆ ಹೆಚ್ಚಾಗಬಹುದು ಅಷ್ಟೆ. ಚೆಲ್ಲಿಹೋದ ಬಿಳಿಯನ್ನು ತರಲಾಗದು. ಸ್ಲೈಡ್ ಫಿಲ್ಮ್ ಬಳಸಿದವರಿಗೆ ಈ ಪಾಠ ಮೊದಲೇ ಗೊತ್ತಿತ್ತು, ಆದರೆ ಮದುವೆ ಫೋಟೋಕ್ಕೆ ಸ್ಲೈಡ್ ಹಾಕಿದವರು ಎಷ್ಟು ಜನ?

ಚಿತ್ರವನ್ನು 'ರಾ' ಕಡತವಾಗಿ ಉಳಿಸಿಕೊಂಡರೆ ಸ್ವಲ್ಪ ಹೆಚ್ಚು ಅವಕಾಶ ಸಿಗುತ್ತದೆ. ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೂ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. 12 ಬಿಟ್‌ನ ರಾ ಕಡತದಲ್ಲಿ 4096, 14 ಬಿಟ್‌ನದರಲ್ಲಿ 16384. ಆದರೂ ಚೆಲ್ಲಿದ ನೀರು ಚೆಲ್ಲಿದ್ದೇ.

ತೆಗೆದ ಚಿತ್ರ ಸರಿಯಿದೆಯೇ ಎಂದು ಕ್ಯಾಮರಾದ ಪುಟ್ಟ ಪರದೆ ನೋಡಿ ನಿರ್ಧರಿಸುವವರೇ ಹೆಚ್ಚು. ಇದು ಮೋಸಹೋಗುವ ದಾರಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಮಂಕಾಗಿ ಕಾಣುತ್ತದೆ, ಬೆಳಕು ಸಾಲದೆಂದು ಏರಿಸಿಬಿಡುತ್ತಾರೆ. ರಾತ್ರಿ ಕೋಲದ ಗದ್ದೆಯಲ್ಲಿ ಅದೇ ಪರದೆ ದೀಪದಂತೆ ಹೊಳೆಯುತ್ತದೆ, ಚಿತ್ರ ಚೆನ್ನಾಗಿದೆ ಎನಿಸುತ್ತದೆ; ಮನೆಯ ಕಂಪ್ಯೂಟರಿನಲ್ಲಿ ನೋಡಿದರೆ ಕಗ್ಗತ್ತಲೆ.

ನಂಬಬೇಕಾದದ್ದು ಹಿಸ್ಟೋಗ್ರಾಮ್ ಎಂಬ ನಕ್ಷೆಯನ್ನು. ಎಡತುದಿ ಕಪ್ಪು, ಬಲತುದಿ ಬಿಳಿ, ನಡುವೆ ಉಳಿದ ಮಟ್ಟಗಳು. ಯಾವ ಮಟ್ಟದಲ್ಲಿ ಎಷ್ಟು ಚುಕ್ಕೆಗಳಿವೆಯೋ ಅಷ್ಟೆತ್ತರದ ಗುಡ್ಡ. ಗುಡ್ಡ ಬಲಗೋಡೆಗೆ ಒರಗಿ ಕಡಿದು ನಿಂತಿದ್ದರೆ ಎಲ್ಲೋ ಬಿಳಿ ಚೆಲ್ಲಿದೆ ಎಂದರ್ಥ. ಗುಡ್ಡ ಇಂಥದ್ದೇ ಆಕಾರದಲ್ಲಿರಬೇಕು ಎಂದೇನೂ ಇಲ್ಲ. ರಾತ್ರಿಯ ಯಕ್ಷಗಾನದ ಚಿತ್ರದಲ್ಲಿ ಗುಡ್ಡ ಎಡಕ್ಕೇ ಇರಬೇಕು, ಯಾಕೆಂದರೆ ಸುತ್ತ ಕತ್ತಲೇ ಇದೆ. ಕೆಲವು ಪುಸ್ತಕಗಳಲ್ಲಿ ನಡುವೆ ಗುಡ್ಡ ಇರುವ ಚಿತ್ರವೇ ಸರಿಯೆಂದು ಬರೆದಿರುವುದು ರಾತ್ರಿಯ ಆಟ ನೋಡದವರ ಮಾತು. ಹಿಸ್ಟೋಗ್ರಾಮ್ ಓದಲು ಬೇಸರವಾದವರಿಗೆ ಇನ್ನೊಂದು ಸೌಲಭ್ಯ ಹಲವು ಕ್ಯಾಮರಾಗಳಲ್ಲಿದೆ. ಚೆಲ್ಲಿಹೋದ ಜಾಗ ಪರದೆಯಲ್ಲಿ ಮಿಣುಕುತ್ತದೆ. ಮುಖವೋ ಬಟ್ಟೆಯೋ ಮಿಣುಕಿದರೆ ಕಳೆಯಬೇಕು. ಬಲ್ಬು ಮಾತ್ರ ಮಿಣುಕಿದರೆ ಬಿಟ್ಟುಬಿಡಬಹುದು.

ಕೆಂಪೆಂಬ ತೊಡಕು

ಈ ಊರುಗಳಲ್ಲಿ ಚಿತ್ರ ತೆಗೆಯುವವರಿಗೆ ಹೊರಗಿನ ಪುಸ್ತಕಗಳು ಹೇಳಿಕೊಡದ ಒಂದು ತೊಂದರೆಯಿದೆ. ಅದು ಕೆಂಪು. ದೈವದ ಮುಖವರ್ಣ ಕೆಂಪು, ಉಡುಗೆ ಕೆಂಪು, ಮುಡಿಯಲ್ಲಿ ಕೇಪುಳ ಹೂವಿನ ಕೆಂಪು, ಬೆಳಕು ನೀಡುವ ಸೂಟೆಯ ಬೆಂಕಿಯೂ ಕೆಂಪು. ಮದುವೆ ಮನೆಯಲ್ಲಿ ಮದುಮಗಳ ಪಟ್ಟೆಸೀರೆ.

ಸೆನ್ಸರ್‌ನ ಕೊಡಪಾನಗಳಲ್ಲಿ ಕೆಲವಕ್ಕೆ ಕೆಂಪು, ಕೆಲವಕ್ಕೆ ಹಸಿರು, ಕೆಲವಕ್ಕೆ ನೀಲಿ ಸೋಸುಗಾಜು ಹೊದಿಸಿರುತ್ತಾರೆ. ಬೆಂಕಿಯ ಬೆಳಕಿನಲ್ಲಿ ಕೆಂಪು ಬಟ್ಟೆಯಿದ್ದಾಗ ಕೆಂಪಿನ ಕೊಡಪಾನಗಳು ಮಾತ್ರ ತುಂಬಿ ಚೆಲ್ಲುತ್ತವೆ. ಹಸಿರು, ನೀಲಿಯವು ಖಾಲಿ ಬಿದ್ದಿರುತ್ತವೆ. ಮೂರನ್ನೂ ಸೇರಿಸಿ ತೋರಿಸುವ ಒಂದೇ ಗುಡ್ಡದ ಹಿಸ್ಟೋಗ್ರಾಮ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಆದರೆ ಚಿತ್ರದಲ್ಲಿ ಸೀರೆಯ ನೆರಿಗೆ, ಜರಿಯ ಎಳೆ, ಮುಖದ ಮೇಲಿನ ಸಣ್ಣ ಬರಹ ಎಲ್ಲ ಅಳಿಸಿ, ಕೆಂಪು ಪೈಂಟ್ ಬಳಿದ ಹಲಗೆಯ ಹಾಗೆ ಆಗಿರುತ್ತದೆ. ಸೀರೆಗೆ ಎಷ್ಟೋ ಸಾವಿರ ಕೊಟ್ಟ ಮನೆಯವರು ಆಲ್ಬಂ ನೋಡಿ ಸಿಟ್ಟಾಗುವುದರಲ್ಲಿ ತಪ್ಪೇನೂ ಇಲ್ಲ.

ಮೂರು ಬಣ್ಣಗಳ ಗುಡ್ಡವನ್ನು ಬೇರೆ ಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಕ್ಯಾಮರಾದ ಮೆನುವಿನಲ್ಲಿ ಹುಡುಕಿದರೆ ಹೆಚ್ಚಾಗಿ ಸಿಗುತ್ತದೆ. ಕೆಂಪಿನ ಗುಡ್ಡ ಬಲಗೋಡೆಗೆ ತಾಗದಂತೆ ನೋಡಿಕೊಂಡರಾಯಿತು. ಅದಿಲ್ಲದ ಕ್ಯಾಮರಾದಲ್ಲಿ ಕೆಂಪು ತುಂಬಿದ ದೃಶ್ಯಕ್ಕೆ ಅರ್ಧದಿಂದ ಒಂದು ಸ್ಟಾಪ್ ಕಳೆಯುವುದು ಕ್ಷೇಮ. ಮದುಮಗ ಬಿಳಿ ಮುಂಡಿನಲ್ಲಿ, ಮದುಮಗಳು ಕೆಂಪು ಪಟ್ಟೆಯಲ್ಲಿ ಒಟ್ಟಿಗೆ ನಿಂತಾಗ ಮುಂಡಿಗೆಂದು ಕೂಡಬೇಕೋ ಸೀರೆಗೆಂದು ಕಳೆಯಬೇಕೋ? ಅಂಥಲ್ಲಿ ಬಿಸಿಲಿನಿಂದ ಇಬ್ಬರನ್ನೂ ಚಪ್ಪರದ ನೆರಳಿಗೆ ಕರೆಯುವುದೇ ಜಾಣತನ. ನೆರಳಿನಲ್ಲಿ ಹೆಚ್ಚು ಕಡಿಮೆಯ ಅಂತರ ತಗ್ಗುತ್ತದೆ, ಸೆನ್ಸರ್‌ನ ಅಳವಿಗೆ ಎರಡೂ ಸಿಗುತ್ತವೆ.

ಮುಖ ಕಪ್ಪಾದದ್ದು ಮುಖದ ತಪ್ಪಲ್ಲ

ಊರಿನ ಪತ್ರಿಕೆಗಳ ನಿಧನ ವಾರ್ತೆಯ ಪುಟ ತೆರೆದು ನೋಡಿ. ಎಷ್ಟೋ ಚಿತ್ರಗಳಲ್ಲಿ ಗುರುತು ಸಿಗುವುದು ಹೆಸರು ಓದಿದ ಮೇಲೆಯೇ. ಯಾವುದೋ ಗೃಹಪ್ರವೇಶದ ಗುಂಪು ಚಿತ್ರದಿಂದ ಕತ್ತರಿಸಿ ತೆಗೆದದ್ದು. ಅಜ್ಜಿ ಜಗಲಿಯಲ್ಲಿ ಕೂತಿದ್ದಾರೆ, ಹಿಂದೆ ಬಿಸಿಲು ಸುರಿಯುವ ಅಂಗಳ, ಅಂಗಳದಲ್ಲಿ ಒಣಹಾಕಿದ ಅಡಿಕೆ. ಕ್ಯಾಮರಾ ಅಂಗಳಕ್ಕೆ ಅಳತೆ ಹಿಡಿದಿದೆ. ಅಡಿಕೆಯ ಒಂದೊಂದು ಗೋಟೂ ಎಣಿಸುವಷ್ಟು ಸ್ಪಷ್ಟ, ಅಜ್ಜಿಯ ಮುಖ ಮಾತ್ರ ಕತ್ತಲೆ. ಕೊನೆಗೆ ಆ ಮನೆಯಲ್ಲಿ ಅಜ್ಜಿಯದೆಂದು ಉಳಿಯುವುದು ಅದೊಂದೇ.

ಜಗಲಿಯ ನೆರಳಿಗೂ ಅಂಗಳದ ಬಿಸಿಲಿಗೂ ಮೂರು ನಾಲ್ಕು ಸ್ಟಾಪಿನ ಅಂತರ ಸುಲಭವಾಗಿ ಇರುತ್ತದೆ. ಎರಡನ್ನೂ ಸರಿಯಾಗಿ ಹಿಡಿಯಲಾಗದ ಕಡೆ ಆರಿಸಿಕೊಳ್ಳಲೇಬೇಕು. ಅಂಗಳ ಬೆಳ್ಳಗಾಗಿ ಹೋದರೆ ಹೋಗಲಿ, ಮುಖ ಉಳಿಯಲಿ. ಚೆಲ್ಲಿದ ಬಿಳಿ ಮರಳಿ ಬಾರದು ಎಂದು ಮೇಲೆ ಹೇಳಿದ್ದು ನಿಜ, ಆದರೆ ಯಾವ ಬಿಳಿ ಬೇಕು ಎಂದು ಹೇಳುವುದು ತೆಗೆಯುವವರ ಕೆಲಸ. ಇದಕ್ಕೆ ಸ್ಪಾಟ್ ಮೀಟರಿಂಗ್ ಎಂಬ ವಿಧಾನವಿದೆ. ಕ್ಯಾಮರಾ ಚಿತ್ರದ ಒಂದು ಚಿಕ್ಕ ಚುಕ್ಕೆಯಷ್ಟು ಜಾಗವನ್ನು ಮಾತ್ರ ಅಳೆಯುತ್ತದೆ. ಅದನ್ನು ಕೆನ್ನೆಯ ಮೇಲಿಟ್ಟು ಅಳೆದು, ಅಳತೆಯನ್ನು ಬೀಗ ಹಾಕಿ, ಆಮೇಲೆ ಚಿತ್ರದ ಚೌಕಟ್ಟು ಸರಿಮಾಡಿಕೊಳ್ಳಬೇಕು. ಇದಕ್ಕಿಂತಲೂ ಸುಲಭ ಉಪಾಯ ಅಜ್ಜಿಯ ಕುರ್ಚಿಯನ್ನು ತಿರುಗಿಸಿ ಮುಖ ಅಂಗಳದ ಕಡೆಗೆ ಬರುವಂತೆ ಮಾಡುವುದು. ಅಂಗಳದಿಂದ ಬರುವ ಬೆಳಕಿನಷ್ಟು ಮೆತ್ತನೆಯ ಬೆಳಕು ಸ್ಟುಡಿಯೋದಲ್ಲೂ ಸಿಗದು.

ಮುಖಕ್ಕೆ ಸ್ಪಾಟ್ ಮೀಟರ್ ಇಟ್ಟರೂ ಬೂದಿಯ ನಂಬಿಕೆ ಬೆನ್ನು ಬಿಡುವುದಿಲ್ಲ. ತೀರ ಬೆಳ್ಳಗಿನ ಮುಖ ಇದ್ದುದಕ್ಕಿಂತ ಮಂಕಾಗುತ್ತದೆ, ತೀರ ಕಪ್ಪಗಿನ ಮುಖ ಇದ್ದುದಕ್ಕಿಂತ ತೆಳುವಾಗುತ್ತದೆ. ಇಲ್ಲೊಂದು ಹಳೆಯ ಉಪಾಯ ನೆರವಿಗೆ ಬರುತ್ತದೆ. ಮೈಬಣ್ಣ ಯಾವುದೇ ಇರಲಿ, ಅಂಗೈಯ ಬಣ್ಣದಲ್ಲಿ ಜನರ ನಡುವೆ ಅಷ್ಟು ವ್ಯತ್ಯಾಸವಿಲ್ಲ. ಮುಖಕ್ಕೆ ಬೀಳುವ ಬೆಳಕೇ ಬೀಳುವಂತೆ ಅಂಗೈ ಹಿಡಿದು ಅಳೆದು, ಒಂದು ಸ್ಟಾಪ್ ಕೂಡಿದರೆ ಹೆಚ್ಚಾಗಿ ಎಲ್ಲರ ಮುಖವೂ ಅವರವರ ಬಣ್ಣದಲ್ಲೇ ಬರುತ್ತದೆ.

ಗುಂಪು ಚಿತ್ರಗಳಲ್ಲಿ ಮೊದಲು ಕಾಣೆಯಾಗುವುದು ಕಪ್ಪು ಮೈಬಣ್ಣದವರು. ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣದಂತಾಗಿ, ನೋಡಿದವರು ತಮಾಷೆ ಮಾಡುವುದೂ ಉಂಟು. ಇದರಲ್ಲಿ ತಮಾಷೆಯೇನೂ ಇಲ್ಲ. ಇತಿಹಾಸ ನೋಡಿದರೆ ಯಂತ್ರಗಳೇ ಹಾಗೆ ರೂಪುಗೊಂಡಿದ್ದವು. ಕಳೆದ ಶತಮಾನದ ಮಧ್ಯಭಾಗದಿಂದ ಕೊಡಾಕ್ ಕಂಪೆನಿ ಪ್ರಿಂಟು ಹಾಕುವ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ 'ಶರ್ಲಿ' ಕಾರ್ಡುಗಳಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಆ ಮೈಬಣ್ಣ ಸರಿ ಬಂದರೆ ಎಲ್ಲ ಸರಿ ಎಂಬ ಲೆಕ್ಕ ದಶಕಗಳ ಕಾಲ ನಡೆಯಿತು. ಮೊಬೈಲಿನ ಕಾಲದಲ್ಲೂ ಈ ದೂರು ನಿಲ್ಲಲಿಲ್ಲ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನೊಂದಿಗೆ ಎಲ್ಲ ಮೈಬಣ್ಣಗಳನ್ನೂ ಸರಿಯಾಗಿ ತೋರಿಸುವುದಾಗಿ ಹೇಳಿ 'ರಿಯಲ್ ಟೋನ್' ಎಂಬುದನ್ನು ಪ್ರತ್ಯೇಕವಾಗಿ ತರಬೇಕಾಯಿತು.

ಮುಖ ಕಾಣಿಸಬೇಕೆಂದು ಎಲ್ಲರನ್ನೂ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿಕೊಡುವ ಸ್ಟುಡಿಯೋ ಪದ್ಧತಿ ಇನ್ನೊಂದು ಕೊನೆ. ಅದು ಎಕ್ಸ್‌ಪೋಷರ್ ಅಲ್ಲ, ಸುಣ್ಣ ಬಳಿಯುವುದು. ಗುಂಪಿನಲ್ಲಿ ಕಪ್ಪಗಿನವರು ಬಿಸಿಲಿಗೆ ಬೆನ್ನು ಹಾಕಿ ನಿಲ್ಲದಂತೆ ನೋಡಿಕೊಂಡು, ಅಳತೆಯನ್ನು ಅವರ ಮುಖಕ್ಕೂ ಸಲ್ಲುವಂತೆ ಮಾಡಿದರೆ ಇದರ ಅಗತ್ಯವೇ ಬೀಳುವುದಿಲ್ಲ.

ಕೆಂಡದ ಮುಂದೆ

ಇಷ್ಟೆಲ್ಲ ತಿಳಿದ ಮೇಲೆ ಒತ್ತೆಕೋಲದ ಗದ್ದೆಗೆ ಮರಳೋಣ. ಚಿತ್ರ ತೆಗೆಯಬಹುದೇ ಎಂದು ಮೊದಲು ಕೇಳಬೇಕು. ಬೇಡವೆನ್ನುವ ಸ್ಥಾನಗಳಿವೆ, ಬೇಡವೆನ್ನುವ ಘಳಿಗೆಗಳೂ ಇವೆ. ಫ್ಲಾಶ್ ಅಂತೂ ಬೇಡವೇ ಬೇಡ. ಕೆಂಡದ ಮೇಲೆ ಬೀಳಲಿರುವವರ ಕಣ್ಣಿಗೆ ಅದು ಹೊಡೆಯುವುದು ಒಂದು ಅಪಾಯವಾದರೆ, ಬೆಂಕಿಯ ಬೆಳಕನ್ನೆಲ್ಲ ಅಳಿಸಿ ದೈವವನ್ನು ಹಗಲಿನ ವೇಷಧಾರಿಯಂತೆ ತೋರಿಸುವುದು ಇನ್ನೊಂದು.

ಸುತ್ತ ಕತ್ತಲಿರುವುದರಿಂದ ಸ್ವಯಂಚಾಲಿತ ಕ್ಯಾಮರಾ ಬೆಳಕನ್ನು ಏರಿಸುತ್ತಲೇ ಹೋಗುತ್ತದೆ. ಜ್ವಾಲೆ ಎದ್ದಾಗ ಇಳಿಸುತ್ತದೆ. ಒಂದು ಚಿತ್ರ ಹೀಗೆ, ಒಂದು ಹಾಗೆ. ಇಲ್ಲಿ 'ಎಂ' ಎಂದು ಗುರುತಿರುವ ಮ್ಯಾನ್ಯುಯಲ್ ವಿಧಾನವೇ ವಾಸಿ. ಎಫ್ 2.8, ಶಟರ್ 250ರಲ್ಲೊಂದು, ಐಎಸ್‌ಒ 3200 ಎಂದು ಆರಂಭಿಸಿ, ಸೂಟೆಯ ಬೆಳಕು ಮುಖಕ್ಕೆ ಬಿದ್ದಾಗ ಒಂದೆರಡು ತೆಗೆದು ನೋಡಿ, ಐಎಸ್‌ಒ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕೆಂಡದ ಹೊಟ್ಟೆಯ ಭಾಗ ಸ್ವಲ್ಪ ಮಿಣುಕಲಿ. ಕೆಂಡದ ಅಂಚು ಕೆಂಪಾಗಿಯೇ ಇರಬೇಕು. ಮುಖ್ಯವಾದದ್ದು ನಿಲ್ಲುವ ಜಾಗ. ಕೆಂಡ ದೈವದ ಹಿಂದೆ ಬರುವಂತೆ ನಿಂತರೆ ಮುಖಕ್ಕೆ ಬೆಳಕೇ ಇಲ್ಲ, ಯಾವ ಅಂಕೆಯೂ ಕಾಪಾಡದು. ಪಕ್ಕಕ್ಕೆ ಸರಿದು ನಿಂತರೆ ಕೆಂಡವೇ ಮುಖಕ್ಕೆ ದೀಪ. ಇನ್ನು ಬೆಳಕು ಹರಿಯುವ ಹೊತ್ತಿನ ಹತ್ತಿಪ್ಪತ್ತು ನಿಮಿಷ ಆಕಾಶದ ನೀಲಿಯೂ ಕೆಂಡದ ಕೆಂಪೂ ಹತ್ತಿರ ಹತ್ತಿರ ಬರುತ್ತವೆ. ಆಗ ತೆಗೆದ ಚಿತ್ರದಲ್ಲಿ ಬೆಂಕಿ, ಮುಖ, ಸುತ್ತಲ ಜನ ಮೂರೂ ಉಳಿಯುತ್ತವೆ. ಮ್ಯಾನ್ಯುಯಲ್‌ನಲ್ಲಿರುವವರು ಈ ಹೊತ್ತಿನಲ್ಲಿ ಅಂಕೆಗಳನ್ನು ಆಗಾಗ ಇಳಿಸುತ್ತಿರಬೇಕು, ಬೆಳಗಾಗುವುದು ಕಣ್ಣಿಗೆ ತಿಳಿಯುವುದಕ್ಕಿಂತ ಬೇಗ ಆಗುತ್ತದೆ.

ಯಕ್ಷಗಾನದ ರಂಗಸ್ಥಳದಲ್ಲಿ ಇನ್ನೊಂದು ಹೊಸ ಕಾಟ ಸೇರಿಕೊಂಡಿದೆ, ಎಲ್‌ಇಡಿ ದೀಪ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಆದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಕಣ್ಣಿಗೆ ಗೊತ್ತಾಗದು. ಶಟರ್ ಬಹಳ ವೇಗವಾಗಿಟ್ಟರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಬರುತ್ತವೆ. ಕ್ಯಾಮರಾ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮೊದಲು ಶಟರನ್ನು 100ರಲ್ಲೊಂದಕ್ಕೆ ಇಳಿಸಿ ನೋಡಬೇಕು. ಧೀಂಗಿಣ ಹೊಡೆಯುವಾಗ ಅದು ಸಾಲದು, ನಿಜ; ಆಗ ವೇಷ ತಿರುಗಿ ಒಂದು ಕ್ಷಣ ನಿಲ್ಲುವ ಬಿಡ್ತಿಗೆಗೆ ಕಾಯಬೇಕು. ಕಿರೀಟದ ಕನ್ನಡಿ ತುಣುಕುಗಳ ಹೊಳಪಿಗೆ ಮೀಟರು ಮೋಸಹೋಗುವುದು ಇದ್ದದ್ದೇ.

ಮೊಬೈಲಿನಲ್ಲಿ ತೆಗೆಯುವವರಿಗೂ ಇದೇ ಲೆಕ್ಕ, ಗುಂಡಿ ಮಾತ್ರ ಬೇರೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟರೆ ಅಳತೆ ಅಲ್ಲಿಗೆ ಬರುತ್ತದೆ. ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಬೀಗ ಬೀಳುತ್ತದೆ. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಕಳೆದಂತೆ, ಮೇಲೆ ಎಳೆದರೆ ಕೂಡಿದಂತೆ. ರಾತ್ರಿಯ ಕೋಲಕ್ಕೆ ಕೆಳಗೆ ಎಳೆಯುವುದೇ ಹೆಚ್ಚು ಸಲ ಬೇಕಾಗುವುದು. ಎಚ್‌ಡಿಆರ್ ಎಂಬುದು ಹಲವು ಚಿತ್ರಗಳನ್ನು ಬೇಗಬೇಗ ತೆಗೆದು ಸೇರಿಸುವ ವಿದ್ಯೆ. ಜಗಲಿಯಲ್ಲಿ ಕೂತ ಅಜ್ಜಿಗೆ ಅದು ಬಹಳ ಉಪಕಾರಿ. ಕುಣಿಯುವ ದೈವಕ್ಕೆ ಅಂಚುಗಳು ಕಲಸಿಕೊಳ್ಳಬಹುದು.

ತುಲಾ ಮಾಸದ ಹತ್ತನೇ ದಿನದ ಪತ್ತಾಮುದಯಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ, ಉತ್ತರ ಮಲಬಾರಿನ ಕೋಲಗಳ ಕಾಲ ಆರಂಭವಾಗುತ್ತದೆ. ಅದಕ್ಕೆ ಮೊದಲು ಒಂದು ಮಧ್ಯಾಹ್ನ ಮನೆಯಲ್ಲಿ ಕೂತು ಮಾಡಬಹುದಾದ ಅಭ್ಯಾಸವೊಂದಿದೆ. ಅಂಗಳದ ನೆರಳಿನಲ್ಲಿ ಒಂದು ಬಿಳಿ ಮುಂಡು, ಒಂದು ಕರಿ ಕೊಡೆ, ಒಂದು ಕೆಂಪು ಸೀರೆ ಹರವಿ. ಒಂದೊಂದೂ ಚಿತ್ರದ ತುಂಬ ಬರುವಂತೆ ಕಳೆ 2, ಕಳೆ 1, ಸೊನ್ನೆ, ಕೂಡು 1, ಕೂಡು 2 ಎಂದು ಐದೈದು ಚಿತ್ರ ತೆಗೆಯಿರಿ. ಹದಿನೈದನ್ನೂ ಕಂಪ್ಯೂಟರಿನಲ್ಲಿ ಸಾಲಾಗಿಟ್ಟು, ಯಾವುದರಲ್ಲಿ ಮುಂಡು ಮುಂಡಿನ ಬಣ್ಣದಲ್ಲಿದೆ, ಕೊಡೆ ಕೊಡೆಯ ಬಣ್ಣದಲ್ಲಿದೆ, ಸೀರೆಯ ನೆರಿಗೆ ಕಾಣುತ್ತಿದೆ ಎಂದು ನೋಡಿ ಆ ಅಂಕೆಗಳನ್ನು ಚೀಟಿಯಲ್ಲಿ ಬರೆದು ಕ್ಯಾಮರಾ ಚೀಲದಲ್ಲಿಟ್ಟುಕೊಳ್ಳಿ. ಅದೇ ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೊಬ್ಬರನ್ನು ದೀಪದ ಪಕ್ಕ ಕೂರಿಸಿ ಇನ್ನೊಂದು ಸುತ್ತು.